ಹಿಂದಿನ ಸೀಟಿಗೂ ಕೇಳಿದ ಸೋಬಾನೆ

ಸಂತೋಷದ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಮ್ಮ ಸವಿತ ಇವತ್ತು ಸೋಬಾನೆ ಎತ್ತಿಕೊಟ್ಟಳು. ತಂಗಿ ರೂಪಳನ್ನು ಹಸೆಮಣೆಯ ಮೇಲೆ ಕೂರಿಸಿ ಅರಿಶಿನ ಹಚ್ಚುವ ಹೊತ್ತಿನಲ್ಲಿ, ಯಾರೂ ಕೇಳಿಕೊಳ್ಳದೆ, ಯಾರ ಮುಖವನ್ನೂ ನೋಡದೆ, ಮೊದಲ ಸಾಲು ಅವಳ ಬಾಯಿಂದಲೇ ಬಂತು. ಚಪ್ಪರದ ತುಂಬ ಇದ್ದ ಹೆಂಗಸರು ಅದನ್ನು ಹಿಡಿದುಕೊಂಡು ತಿರುಗಿ ಹಾಡಿದರು. ಇಬ್ಬರಿಗೂ ಅಜ್ಜಿಯಾದ ನಾನು ಅರಿಶಿನದ ಕೈಯನ್ನು ರೂಪಳ ಕೆನ್ನೆಯ ಮೇಲೆ ಇಟ್ಟವಳು ಹಾಗೇ ನಿಂತುಬಿಟ್ಟಿದ್ದೆ.

"ಅಜ್ಜಿ, ಒಂದೇ ಕೆನ್ನೆಗೆ ಎಷ್ಟು ಬಳೀತೀಯೆ? ಇನ್ನೊಂದೂ ಅದೆ ಕಣೆ" ಎಂದು ರೂಪ ಹೇಳಿದ ಮೇಲೆ ನನಗೆ ಎಚ್ಚರವಾಯಿತು.

ಅರಿಶಿನದ ವಾಸನೆ ಇನ್ನೂ ಉಗುರಿನಲ್ಲಿದೆ. ಅದನ್ನು ಮೂಸುತ್ತ ಮೂಸುತ್ತ ಬರೆಯುತ್ತಿದ್ದೇನೆ. ನಾನು ಅರಕೆರೆಯ ಸ್ಕೂಲಿನಲ್ಲಿ ಮೂರನೇ ಕ್ಲಾಸಿನವರೆಗೆ ಹೋದವಳು. ಒತ್ತಕ್ಷರ ಎಲ್ಲಾದರೂ ಬಿದ್ದುಹೋಗಿದ್ದರೆ ನೀವೇ ಹಾಕಿಕೊಂಡು ಓದಿ. ಈ ವಾಸನೆ ನನ್ನನ್ನು ಐದು ವರ್ಷ ಹಿಂದಕ್ಕೆ, ಇದೇ ಸವಿತಳ ಮದುವೆಯ ದಿನಗಳಿಗೆ ಎಳೆದುಕೊಂಡು ಹೋಗುತ್ತಿದೆ. ಆಗ ನಾನು ಮೂಕಿಯಾಗಿದ್ದೆ.

ಸೋಬಾನೆಯ ರೀತಿ ನಿಮಗೆ ಗೊತ್ತಿದ್ದರೂ ಒಂದು ಮಾತು ಹೇಳುತ್ತೇನೆ. ಒಬ್ಬಳು ಒಂದು ಸಾಲನ್ನು ಎತ್ತಿಕೊಡಬೇಕು. ಉಳಿದ ಹೆಂಗಸರು ಅದೇ ಸಾಲನ್ನು ಹಿಡಿದು ಇನ್ನೊಂದು ಸಲ ಹಾಡಬೇಕು. ಎತ್ತಿಕೊಟ್ಟವಳು ಅಷ್ಟರಲ್ಲಿ ಉಸಿರು ತೆಗೆದುಕೊಂಡು, ಎಲೆ ಅಡಿಕೆಯನ್ನು ಕೆನ್ನೆಯ ಆ ಕಡೆಗೆ ತಳ್ಳಿಕೊಂಡು, ಮುಂದಿನ ಸಾಲಿಗೆ ಸಿದ್ಧವಾಗುತ್ತಾಳೆ. ಐವತ್ತು ವರ್ಷ ನಮ್ಮೂರಿನಲ್ಲಿ ಎತ್ತಿಕೊಟ್ಟವಳು ನಾನು. ದನಿ ಚೆನ್ನಾಗಿತ್ತು ಎಂದು ನಾನೇ ಹೇಳಿಕೊಳ್ಳಬಾರದು. ಕಾಲುವೆಯ ಆಚೆ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವರಿಗೂ ಕೇಳುತ್ತಿತ್ತು ಎಂದು ಮಾತ್ರ ಹೇಳುತ್ತೇನೆ.

ಸವಿತಳ ಮದುವೆ ಗೊತ್ತಾದ ವರ್ಷವೇ ನನ್ನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಕುಯ್ದು ತೆಗೆಯಬೇಕು, ಆಮೇಲೆ ಒಂದು ತಿಂಗಳು ಪಿಟ್ಟೆನ್ನಬಾರದು, ಹಾಡುವ ದನಿ ಮೊದಲಿನ ಹಾಗೆ ಬರುತ್ತದೆಂದು ಹೇಳಲಾರೆ ಎಂದರು ಮೈಸೂರಿನ ಡಾಕ್ಟರು. ಮದುವೆ ಆ ತಿಂಗಳೊಳಗೇ ಬೀಳುತ್ತಿತ್ತು. ನನಗಿಂತ ಹೆಚ್ಚು ಅತ್ತವಳು ಸವಿತ.

"ನಿನ್ನ ಹಾಡಿಲ್ದೆ ನಾನು ಗಾಡಿ ಹತ್ತಕ್ಕಿಲ್ಲ ಕಣಜ್ಜಿ" ಎಂದಳು. "ಆಪ್ರೇಸನ್ನಿಗೆ ಓಗೋಕ್ಮುಂಚೆ ಟೇಪಿಗೆ ಹಾಡ್ಬುಡು."

ಯಾರಿಂದಲೋ ಟೇಪ್ ರೆಕಾರ್ಡರು ಕಡ ತಂದಳು. ಒಳಕೋಣೆಯ ಬಾಗಿಲು ಹಾಕಿ, ಕೋಳಿಗಳನ್ನು ದೂರ ಅಟ್ಟಿ, ಕೆಂಪು ಗುಂಡಿ ಒತ್ತಿದಳು. ನಾನು ಒಂದು ಸಾಲು ಹಾಡಿದೆ, ನಿಲ್ಲಿಸಿದೆ. ಹಿಡಿಯುವವರು ಯಾರೂ ಇಲ್ಲ. ಹಿಡಿಯೇ ಎಂದು ಅವಳಿಗೆ ಕಣ್ಣಲ್ಲೇ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಚಿಕ್ಕಂದಿನಿಂದಲೂ ನಾಚಿಕೆ, ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳೇ ಅಲ್ಲ. ಸರಿ, ಹಿಡಿಯುವ ಹೆಂಗಸರು ಹಾಡಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದು ನಾನು ಮುಂದಿನ ಸಾಲಿಗೆ ಹೋದೆ. ನಿಲ್ಲಿಸದೆ ಹಾಡು ಎಂದರೆ ನನಗೆ ಬರುವುದೇ ಇಲ್ಲ. ಹೀಗೆ ಒಂದು ಸಾಲು ಹಾಡು, ಒಂದು ಸಾಲು ಮೌನ, ಕ್ಯಾಸೆಟ್ಟಿನ ಎರಡೂ ಮಗ್ಗುಲು ತುಂಬಿತು.

ಇನ್ನು ಗಾಡಿಯ ವಿಚಾರಕ್ಕೆ ಬರುತ್ತೇನೆ. ನನ್ನ ಮಗ ಸಿದ್ದರಾಜು ಬಾಡಿಗೆಗೆ ಓಡಿಸಲು ದೊಡ್ಡ ಗಾಡಿಯೊಂದನ್ನು ತಂದಿದ್ದ. ಮುಂದೆ ಸೀಟು, ನಡುವೆ ಸೀಟು, ಹಿಂದೆ ಎದುರುಬದುರು ಕೂರುವ ಎರಡು ಉದ್ದ ಸೀಟು. ಹತ್ತು ಜನಕ್ಕೆ ಎಂದು ಮಾಡಿದ್ದು, ನಮ್ಮವರು ಹದಿನಾರು ಜನ ಕೂರುತ್ತಿದ್ದರು. ಗಾಡಿಯ ಜೊತೆಗೆ ಕಂಪನಿಯವರೇ ಹಾಕಿಕೊಟ್ಟ ಟೇಪೂ ಇತ್ತು. ಸಿದ್ದರಾಜುವಿಗೆ ಅದರ ಮೇಲೆ ಬಹಳ ಹೆಮ್ಮೆ. ಅಂಗೈ ಅಗಲದ ಎರಡು ಸ್ಪೀಕರು ಮುಂದೆ, ಡ್ರೈವರಿನ ಮೊಣಕಾಲಿನ ಹತ್ತಿರ. ನನ್ನ ಕ್ಯಾಸೆಟ್ಟು ಹಾಕಿ ಊರಿನ ಸುತ್ತ ಒಂದು ಸುತ್ತು ಹೊಡೆದೆವು. ಮುಂದೆ ಕೂತವರಿಗೆ ಕೊಡದೊಳಗೆ ಸಿಕ್ಕಿಬಿದ್ದ ಜೇನುಹುಳದ ಸದ್ದು. ಹಿಂದೆ ಕೂತವರಿಗೆ ಬರೀ ಇಂಜಿನ್ನು.

"ಅಪ್ಪ, ಅಜ್ಜಿ ಎಲ್ಲಿ ಹಾಡ್ತಾವ್ಳೆ ಇದ್ರಲ್ಲಿ?" ಎಂದು ಕೇಳಿದಳು ಸವಿತ.

ಹೊಸ ಸ್ಪೀಕರು ಹಾಕಿಸಬೇಕೆಂದರೆ ಬಾಗಿಲಿಗೆ ತೂತು ಕೊರೆಯಬೇಕು. ಗಾಡಿ ಬಂದು ಎಂಟು ತಿಂಗಳಾಗಿತ್ತಷ್ಟೆ. ದಿನಾ ಬೆಳಿಗ್ಗೆ ಹಳೆ ಪಂಚೆಯಲ್ಲಿ ಅದನ್ನು ಒರೆಸುತ್ತಿದ್ದವನಿಗೆ ತೂತು ಎನ್ನುವ ಮಾತೇ ಹೊಟ್ಟೆಗೆ ಚುಚ್ಚಿದ ಹಾಗೆ. ಎರಡು ದಿನ ಒರೆಸಿದ್ದನ್ನೇ ಒರೆಸಿದ. ಮೂರನೇ ದಿನ ಹೆಂಡತಿ ಜಯಮ್ಮನಿಗೆ ಹೇಳಿದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿಸಿಕೊಂಡೆ: "ತೂತಿಲ್ದಿರೋ ಗಾಡಿ ಇಟ್ಕೊಂಡು ನಾನೇನ್ ಮಾಡ್ಲಿ, ಮಗಳು ಅಳ್ತಾ ಗಂಡನ ಮನೆಗೆ ಓದ್ರೆ."

ಆಪರೇಷನ್ ಆಗಿ ಹತ್ತು ದಿನಕ್ಕೆ, ಗಂಟಲಿಗೆ ಪಟ್ಟಿ ಸುತ್ತಿಕೊಂಡು, ಸ್ಪೀಕರು ಹಾಕಿಸಲು ಹೊರಟ ಸಿದ್ದರಾಜುವಿನ ಜೊತೆ ನಾನೂ ಶ್ರೀರಂಗಪಟ್ಟಣಕ್ಕೆ ಹೊರಟೆ. ಮದುವಣಗಿತ್ತಿಯನ್ನು ಹೊರಗೆ ಕಳಿಸುವ ಹಾಗಿರಲಿಲ್ಲ, ಸವಿತ ಮನೆಯಲ್ಲೇ ಉಳಿದಳು. ಬಳೆ ಕೊಳ್ಳಬೇಕೆಂದು ನನ್ನ ವಾರಗಿತ್ತಿ ಚಿಕ್ಕತಾಯಿ ಜೊತೆಗೆ ಬಂದು, ಪೇಟೆಯಲ್ಲಿ ಇಳಿದುಕೊಂಡಳು.

ಟೇಪು, ರೇಡಿಯೋ ರಿಪೇರಿ ಮಾಡುವ ಬಾಷಾನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಅಂಗಡಿ ಎಂದರೆ ಒಂದು ಮೇಜು, ಗೋಡೆಯ ತುಂಬ ಹೊಟ್ಟೆ ಬಿಚ್ಚಿದ ರೇಡಿಯೋಗಳು, ಬಾಗಿಲಲ್ಲಿ ಒಂದು ಬೇವಿನ ಮರ. ಕಂಪನಿಯ ಟೇಪನ್ನು ಅವನು ಹಲ್ಲು ಕೀಳುವವನ ಹಾಗೆ ಮೆಲ್ಲಗೆ ಎಳೆದು ತೆಗೆದು, ಆ ಜಾಗಕ್ಕೆ ಹೊಸದನ್ನು ಕೂರಿಸಿದ. ಬ್ಯಾಟರಿಯಿಂದ ಕೆಂಪು ವೈರೊಂದನ್ನು ತಂದು, ನಡುವೆ ಫ್ಯೂಸು ಕೂರಿಸಿ, ಕಾಲ್ಹಾಸಿನ ಕೆಳಗೆ ಎಳೆದ. ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ ಡ್ರೈವರಿನ ಸೀಟಿನ ಕೆಳಗೆ ಹೋಯಿತು. ಮುಂದಿನ ಬಾಗಿಲಿಗೆ ಎರಡು ಹೊಸ ಸ್ಪೀಕರು. ಹಿಂದಿನವನ್ನು ಮಾತ್ರ ಸೀಟಿನ ಕೆಳಗೆ ಇಡಬೇಡ, ಹೆಂಗಸರ ಸೀರೆ, ಗಂಟುಮೂಟೆ ಎಲ್ಲ ಅಡ್ಡ ಬರುತ್ತದೆ ಎಂದು ನಾನು ಕೈಸನ್ನೆಯಲ್ಲಿ ಹೇಳಿದೆ. ಅದು ಅವನಿಗೆ ಅರ್ಥವಾಯಿತು. ಹಲಗೆ ಬಡಿದು, ತಲೆಯ ಎತ್ತರಕ್ಕೆ, ಮೊಟ್ಟೆಯಾಕಾರದ ಎರಡು ದೊಡ್ಡ ಸ್ಪೀಕರು ಕೂರಿಸಿದ. ತೂತು ಕೊರೆಯುವಾಗ ಸಿದ್ದರಾಜು ಬೇವಿನ ಮರದ ಕಡೆಗೆ ತಿರುಗಿ ನಿಂತಿದ್ದ.

ಬಾಷಾ ತನ್ನದೊಂದು ಕ್ಯಾಸೆಟ್ಟು ಹಾಕಿದ. ಬೀದಿಯೆಲ್ಲ ತಬಲ. ಸಿದ್ದರಾಜುವಿನ ಮುಖ ಅರಳಿತು. "ಈಗ ನಮ್ಮವ್ವನ್ದು ಹಾಕು" ಎಂದ.

ಕಾಲುವೆ ದಾಟುವಾಗ ಸೆರಗೆತ್ತಿ ಹಿಡಿ ಮಗಳೆ ಎಂದು ನನ್ನ ದನಿ ಬಂತು. ನನಗೇ ಮೈ ಜುಮ್ಮೆಂದಿತು. ಆಮೇಲೆ ಸದ್ದಿಲ್ಲ.

ಬಾಷಾ ಗಾಡಿಯ ನೆತ್ತಿಗೆ ತಟ್ಟಿದ. ಇಲ್ಲ. ಬಗ್ಗಿ ಕಿವಿ ಕೊಟ್ಟ. ಸರಿಯಾಗಿ ಆಗಲೇ ಮುಂದಿನ ಸಾಲು ಅವನ ಕಿವಿಗೆ ಹೊಡೆಯಿತು. ಮತ್ತೆ ಸದ್ದಿಲ್ಲ.

"ಲೂಜ್ ಕನೆಕ್ಸನ್ ಅಣ್ಣ" ಎಂದು ಬಾಗಿಲು ಬಿಚ್ಚಿದ. ಎಲ್ಲ ಬಿಗಿ ಮಾಡಿ ಮುಚ್ಚಿದ. ಒಂದು ಸಾಲು, ಮೌನ. ಫ್ಯೂಸು ಬದಲಾಯಿಸಿದ. ಒಂದು ಸಾಲು, ಮೌನ. ಹತ್ತಿಗೆ ಸ್ಪಿರಿಟ್ಟು ಹಚ್ಚಿ ಟೇಪಿನ ಬಾಯಿ ಒರೆಸಿದ. ಒಂದು ಸಾಲು, ಮೌನ.

"ನಿನ್ನ ಹಾಡು ಸರ್ಯಾಗ್ ಬತ್ತದೆ, ನಮ್ಮವ್ವನ್ದು ಬರಕ್ಕಿಲ್ವಲ್ಲ. ಎಂಥಾ ಕೆಲಸ ಮಾಡ್ದೆ ಬಾಷಾ?"

"ಅರೆ ಅಣ್ಣ, ನಾನು ಹದಿನೈದು ವರ್ಸದಿಂದ ಇದೇ ಕೆಲ್ಸ ಮಾಡ್ತಾವ್ನಿ. ಇಂಥ ರೋಗ ನೋಡೇ ಇಲ್ಲ. ಉಸ್ರು ತಗೊಂಡು ಉಸ್ರು ತಗೊಂಡು ಹಾಡ್ತದೆ."

ಸೋಬಾನೆ ಕೇಳುತ್ತಲೇ ಬೆಳೆದವನು ನನ್ನ ಮಗ. ಆದರೆ ನಡುವಿನ ಜಾಗವನ್ನು ಅವನು ಒಂದು ದಿನವೂ ಖಾಲಿಯಾಗಿ ಕೇಳಿರಲಿಲ್ಲ. ನನಗೋ ಎಲ್ಲ ಗೊತ್ತು, ಮಾತಾಡುವ ಹಾಗಿಲ್ಲ. ಬಾಯಿ ತೋರಿಸಿದೆ, ಹಿಂದಿನ ಸೀಟು ತೋರಿಸಿದೆ, ಮತ್ತೆ ಬಾಯಿ ತೋರಿಸಿದೆ.

"ಅವ್ವಂಗೆ ಹಸಿವಾಗ್ಯದೆ, ಇಂದ್ಗಡೆ ಕೂತ್ಕೊಂಡು ತಿಂತದಂತೆ" ಎಂದು ಸಿದ್ದರಾಜು ಬನ್ನು, ಹಾಲು ತರಿಸಿದ. ಬಂದ ಬನ್ನನ್ನು ವಾಪಸು ಕಳಿಸುವುದು ಚೆನ್ನಾಗಿರುವುದಿಲ್ಲ ಎಂದು ಅದ್ದಿಕೊಂಡು ತಿಂದೆ. ಬಾಷಾ ನಾಲ್ಕನೇ ಸಲ ಬಾಗಿಲು ಬಿಚ್ಚುತ್ತಿದ್ದ.

ಆ ಹೊತ್ತಿಗೆ ಮೊಣಕೈವರೆಗೆ ಬಳೆ ತೊಟ್ಟುಕೊಂಡು ಚಿಕ್ಕತಾಯಿ ಬಂದಳು. ಗಾಡಿಯ ಹಿಂದಿನ ಮೆಟ್ಟಿಲು ಹತ್ತಿ, ಉಸ್ಸೆಂದು ಕೂತಳು. ಮೇಲಿನಿಂದ ನನ್ನ ಸಾಲು ಬಂತು. ನಲವತ್ತು ವರ್ಷ ನನ್ನ ಪಕ್ಕ ಕೂತು ಹಿಡಿದವಳು. ಬಳೆ ಸರಿಮಾಡಿಕೊಳ್ಳುತ್ತಲೇ, ತಲೆ ಕೂಡ ಎತ್ತದೆ, ಆ ಸಾಲನ್ನು ತಿರುಗಿ ಹಾಡಿದಳು. ಅವಳು ಮುಗಿಸಿದ ಜಾಗಕ್ಕೆ ಸರಿಯಾಗಿ ಟೇಪು ಮುಂದಿನದನ್ನು ಎತ್ತಿತು. ಅದನ್ನೂ ಹಿಡಿದಳು.

ಬಾಷಾನ ಕೈಯಲ್ಲಿ ಸ್ಕ್ರೂಡ್ರೈವರು ಹಾಗೇ ನಿಂತಿತು. ಒಂದು ಗಳಿಗೆ ನೋಡಿದ, ಆಮೇಲೆ ಬಾಗಿಲ ಮೇಲೆ ತಲೆಯಿಟ್ಟು ನಕ್ಕ.

"ಟೇಪಲ್ಲಿ ಏನೂ ಇಲ್ಲ ಅಣ್ಣ. ಜನ ಕಮ್ಮಿ ಆಗವ್ರೆ, ಅಷ್ಟೆ."

"ಏನಾಯ್ತ್ಲಾ ಸಿದ್ರಾಜು? ಯಾಕಂಗೆ ನೋಡ್ತೀರಿ ಇಬ್ರೂವೆ?" ಎಂದಳು ಚಿಕ್ಕತಾಯಿ. ನನಗೆ ನಗುವ ಹಾಗೂ ಇರಲಿಲ್ಲ. ಗಂಟಲು ಹಿಡಿದುಕೊಂಡು ಭುಜದಲ್ಲೇ ನಕ್ಕೆ.

ಮದುವೆ ಆಗಿ ಸವಿತಳನ್ನು ಗಂಡನ ಊರು ಶೀಳನೆರೆಗೆ ಕರೆದುಕೊಂಡು ಹೊರಟೆವು. ನಡುವಿನ ಸೀಟಿನಲ್ಲಿ ಹೆಣ್ಣು, ಗಂಡು, ನಾನು. ಹಿಂದೆ ಎಂಟು ಹೆಂಗಸರು. ಅವಳು ಮಾತು ಕೊಟ್ಟ ಹಾಗೆ, ಟೇಪು ಶುರುವಾದ ಮೇಲೆಯೇ ಗಾಡಿ ಹತ್ತಿದ್ದು. ನನ್ನ ದನಿ ತಲೆಯ ಮೇಲಿಂದ ಇಳಿಯುತ್ತಿತ್ತು, ಹಿಂದಿನವರು ಒಂದು ಸಾಲನ್ನೂ ಬಿಡದೆ ಹಿಡಿಯುತ್ತಿದ್ದರು. ಬಾಯಿ ಮುಚ್ಚಿಕೊಂಡು ಕೂತು ನನ್ನ ಹಾಡನ್ನು ನಾನೇ ಪೂರ್ತಿ ಕೇಳಿದ್ದು ಅದೇ ಮೊದಲು. ಮೂರನೆಯ ಹಾಡಿನಲ್ಲಿ ಸ್ವಲ್ಪ ಓಡಿದ್ದೇನೆ ಎಂದು ಆಗ ಗೊತ್ತಾಯಿತು.

ಪಾಂಡವಪುರದ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಸಿದ್ದರಾಜು ಇಂಜಿನ್ ಆರಿಸಿದ, ಟೇಪು ಆರಿಸಲಿಲ್ಲ. ಪಕ್ಕದಲ್ಲಿ ಒಂದು ಟ್ರಾಕ್ಟರು, ಟ್ರೇಲರಿನ ತುಂಬ ಕಬ್ಬಿನ ಗದ್ದೆಯಿಂದ ಬರುತ್ತಿದ್ದ ಹೆಂಗಸರು. ನಮ್ಮ ಗಾಡಿಯ ಕಿಟಕಿಗಳಿಂದ ಒಂದು ಸಾಲು ಹೊರಗೆ ಹೋಯಿತು. ನಮ್ಮವರ ಜೊತೆಗೆ ಟ್ರೇಲರಿನವರೂ ಹಿಡಿದರು. ಅವರ ಹೆಸರು ನಮಗೆ ಗೊತ್ತಿಲ್ಲ, ನಮ್ಮದು ಅವರಿಗೆ ಗೊತ್ತಿಲ್ಲ.

"ಯಾವೂರ್ ಹೆಣ್ಣವ್ವ?" ಎಂದು ಒಬ್ಬಳು ಮೇಲಿಂದ ಬಗ್ಗಿ ಕೇಳಿದಳು.

"ಅರಕೆರೆದು" ಎಂದಳು ಚಿಕ್ಕತಾಯಿ.

"ಮತ್ತೆ ಹೆಣ್ಣೇ ಯಾಕ್ ಸುಮ್ನೆ ಕೂತದೆ? ಅತ್ತೆ ಮನೆಗೆ ನಾಲ್ಗೆ ಉಳಿಸ್ಕತಾ ಅದಾ?"

ಎಲ್ಲರೂ ನಕ್ಕರು, ಮದುಮಗನೂ ನಕ್ಕ. ಸವಿತ ಕೆಂಪಗಾಗಿ ನನ್ನ ಕಡೆ ನೋಡಿದಳು. ನನ್ನ ಸಾಲು ಮತ್ತೆ ಬಂತು, ನಿಂತಿತು. ಆ ಖಾಲಿ ಜಾಗದಲ್ಲಿ, ನನ್ನ ಭುಜಕ್ಕೆ ಬಾಯಿ ಒತ್ತಿಕೊಂಡು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ ಅವಳು ಹಾಡಿದಳು. ರೈಲು ಹೋಯಿತು, ಗೇಟು ಎದ್ದಿತು. ಚಿನಕುರಳಿ ದಾಟುವಷ್ಟರಲ್ಲಿ ಮುಂದೆ ಕೂತ ಅವಳಪ್ಪನಿಗೂ ಕೇಳುತ್ತಿತ್ತು. ಸಿದ್ದರಾಜು ಕನ್ನಡಿಯಲ್ಲಿ ಮಗಳನ್ನು ನೋಡಿ ನೋಡಿ ಎರಡು ಗುಂಡಿಗೆ ಚಕ್ರ ಇಳಿಸಿದ.

ಗಾಡಿಯಿಂದ ಇಳಿಯುವಾಗ ಅವಳು ಕ್ಯಾಸೆಟ್ಟು ಕೇಳಿ ಇಸಿದುಕೊಂಡಳು. ಶೀಳನೆರೆಯಲ್ಲಿ ಹಾಲು ಕರೆಯುವಾಗ, ರಾಗಿ ಕೇರುವಾಗ ಅದನ್ನು ಹಾಕಿಕೊಂಡು ಹಿಡಿಯುತ್ತಿದ್ದಳಂತೆ. ನನ್ನ ಮಾತು ಬಂತು, ಹಾಡು ಬರಲಿಲ್ಲ. ಎತ್ತಲು ಹೋದರೆ ಬೀಸುವ ಕಲ್ಲಿನ ಸದ್ದು. ಈ ಐದು ವರ್ಷದಲ್ಲಿ ಊರಿನ ಮದುವೆಗಳಲ್ಲಿ ಯಾರೋ ಎತ್ತುವರು, ಅರ್ಧಕ್ಕೆ ಮರೆಯುವರು, ನಾನು ಕೂತಲ್ಲೇ ತುಟಿ ಅಲ್ಲಾಡಿಸುವೆ. ಇವತ್ತು ಸವಿತ ಹನ್ನೊಂದು ಹಾಡು ಎತ್ತಿಕೊಟ್ಟಳು. ಅದರಲ್ಲಿ ಎರಡು ನನ್ನವಲ್ಲ, ಅವಳ ಅತ್ತೆಯ ಊರಿನವು.

ದೀಪ ಹಚ್ಚುವ ಹೊತ್ತಿಗೆ ಚಪ್ಪರದ ಕೆಳಗೆ ಎಲ್ಲರೂ ಒಂದೇ ಸಾಲಿಗೆ ಊಟಕ್ಕೆ ಕೂತೆವು. ಸಿದ್ದರಾಜು, ಜಯಮ್ಮ, ಅರಿಶಿನದ ಕೆನ್ನೆಯ ರೂಪ, ಶೀಳನೆರೆಯ ಅಳಿಯ, ತೊಡೆಯ ಮೇಲೆ ಮಗಳನ್ನು ಕೂರಿಸಿಕೊಂಡ ಸವಿತ, ಹಲ್ಲಿಲ್ಲದ ಚಿಕ್ಕತಾಯಿ. ಮುದ್ದೆ, ಅವರೆಕಾಳಿನ ಸಾರು, ಒಬ್ಬಟ್ಟು, ಕೊನೆಗೆ ಅನ್ನ, ಗಟ್ಟಿ ಮೊಸರು. ಮುಹೂರ್ತ ಮುಗಿಯುವವರೆಗೆ ಎತ್ತಿಕೊಡುವವಳು ಮೊಸರು ಮುಟ್ಟುವುದಿಲ್ಲ, ಗಂಟಲು ಕಟ್ಟುತ್ತದೆ. ಐವತ್ತು ವರ್ಷ ನಾನು ಬಿಟ್ಟಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ದನಿ ಹೋದ ಮೇಲೂ ಈ ಐದು ವರ್ಷ ಬಿಟ್ಟೇ ಇದ್ದೆ. ಯಾರೂ ಎತ್ತದೆ ಹೋದರೆ, ಅಕಸ್ಮಾತ್ ಗಂಟಲು ಬಂದುಬಿಟ್ಟರೆ ಎಂದು ಒಂದು ಆಸೆ.

ಜಯಮ್ಮ ಬಡಿಸಲು ಎದ್ದು, ಮೊಸರಿನ ಪಾತ್ರೆ ಹಿಡಿದು ಸವಿತಳ ಎಲೆಗೆ ಬಗ್ಗಿದಳು.

"ನಂಗ್ ಬ್ಯಾಡ ಕಣವ್ವ" ಎಂದು ಸವಿತ ಎಲೆಗೆ ಕೈ ಅಡ್ಡ ಹಿಡಿದಳು. "ನಾಳೆ ಹಾಡ್ಬೇಕು. ಅಜ್ಜಿಗೆ ಬುಡು."

ಜಯಮ್ಮ ನನ್ನ ಮುಖ ನೋಡಿದಳು. ನಾನು ಅನ್ನದ ನಡುವೆ ಗುಳಿ ಮಾಡಿ ತೋರಿಸಿದೆ. ಎರಡು ಸೌಟು ಬಿದ್ದಿತು. ಕಲಸಿಕೊಂಡು, ಎಲ್ಲರ ಜೊತೆ, ಹೊಟ್ಟೆ ತುಂಬ ಉಂಡೆ.