ಇಲಿಯಕ್ಕ ಕರುಳು ಗಟ್ಟಿ ಮಾಡಿಕೊಂಡ ಕತೆ

ಬೆಳಕು ಹರಿಯುವ ಹೊತ್ತಿಗೆ, ಇಲಿಗಳನ್ನು ನೋಡಿಕೊಳ್ಳುವ ಇಲಿಯಕ್ಕ ಪ್ರಯೋಗಾಲಯದ ಪಂಜರಗಳ ಕೋಣೆಯಲ್ಲಿರುತ್ತಾರೆ. ಒದ್ದೆ ಮರದ ಹೊಟ್ಟು ತೆಗೆದು ಹೊಸದನ್ನು ಹರಡುತ್ತಾರೆ. ಬಿಳಿ ಇಲಿಗಳು ಮೂಗು ಅಲ್ಲಾಡಿಸುತ್ತ ಸರಳಿಗೆ ಆತುಕೊಳ್ಳುತ್ತವೆ.

"ನೂಕಾಡ್ಬೇಡ್ರೋ! ಮದುವೆ ಊಟನಾ ಇದು?"

ಅವರ ಯಜಮಾನರು ದರ್ಜಿ. "ಮನೇಲಿ ಇಲಿ ಕಂಡ್ರೆ ಮಂಚ ಹತ್ತಿ ಕಿರುಚ್ತಾಳೆ, ಅಲ್ಲಿ ಮುದ್ದು ಮಾಡ್ತಾಳೆ" ಎಂದು ನಗುತ್ತಾರೆ. "ಮನೆ ಇಲಿ ಹೇಳ್ದೆ ಕೇಳ್ದೆ ಬರುತ್ತೆ, ನಿಮ್ಮ ತಂಗಿ ಥರ" ಎಂಬುದು ಇಲಿಯಕ್ಕನ ಉತ್ತರ.

ಈ ಪ್ರಯೋಗಾಲಯದಲ್ಲಿ ಪಿತ್ತಜನಕಾಂಗದ ಕಾಯಿಲೆಗೆ ಮದ್ದು ಹುಡುಕುತ್ತಿದ್ದಾರೆ. ಜೀನುಗಳು ಎಲ್ಲ ಅಂಗಗಳಲ್ಲೂ ಇವೆ; ಒಂದೊಂದು ಅಂಗದಲ್ಲಿ ಕೆಲವು ಎಚ್ಚರ, ಕೆಲವು ನಿದ್ದೆ. ಮದ್ದು ಕೊಟ್ಟ ಇಲಿಗಳಲ್ಲಿ ಯಾವುದು ಎದ್ದಿತು, ಯಾವುದು ಮಲಗಿತು ಎಂದು, ಮದ್ದು ಕೊಡದ ಇಲಿಗಳ ಸಾಲಿನೊಡನೆ ಹೋಲಿಸಿ ನೋಡುವುದೇ ಕೆಲಸ.

ಮೊದಲ ಪ್ರಯೋಗ ಕೆಟ್ಟದ್ದು ಕನಿಕರದಿಂದ. ಮದ್ದಿನ ಸಾಲಿನ ಇಲಿಗಳು ಸಪ್ಪಗಿದ್ದವು. ಇಲಿಯಕ್ಕ ದಿನವೂ ಅವಕ್ಕೇ ಮೊದಲು ಉಣಿಸಿದರು. ಮದ್ದಿಲ್ಲದ ಸಾಲಿನವು ಬಹಳ ಹೊತ್ತು ಕಾದವು. ತಂಡದ ಡಾಕ್ಟರಮ್ಮ ಒಂದು ಬೆಳಿಗ್ಗೆ ಅದನ್ನು ಕಂಡು ಗೋಡೆಗೊರಗಿ ಕುಳಿತುಬಿಟ್ಟರು. ಊಟದ ಹೊತ್ತು ಬದಲಾದರೂ ಪಿತ್ತಜನಕಾಂಗದ ಜೀನುಗಳು ಬದಲಾಗುತ್ತವೆ. ಕಂಡದ್ದು ಮದ್ದಿನ ಗುಣವೋ, ಊಟದ್ದೋ? ಅಂಗ ಪರೀಕ್ಷೆಗೆಂದು ಆಗಲೇ ಪ್ರಾಣ ತೆಗೆದ ಇಲಿಗಳ ಫಲವೂ ಸೇರಿ ಎಲ್ಲವನ್ನೂ ಕೈಬಿಡಬೇಕಾಯಿತು.

"ಅಷ್ಟೊಂದು ಜೀವ ನನ್ನಿಂದ ದಂಡವಾಯ್ತಲ್ಲ ಅಂತ ಅನ್ನ ಸೇರ್ಲಿಲ್ಲ. ಬೇರೆ ಕೆಲಸ ಕೊಡಿ ಅಂದೆ" ಎನ್ನುತ್ತಾರೆ ಇಲಿಯಕ್ಕ.

ಡಾಕ್ಟರಮ್ಮ ಒಪ್ಪಲಿಲ್ಲ. "ನಿಮ್ಮ ಕೈಗೆ ಇಲಿಗಳು ಹೆದರಲ್ಲ ಅಕ್ಕ. ಇನ್ನೊಂದೇ ಅವಕಾಶ ಉಳಿದಿರೋದು. ಅದೂ ಕೈಕೊಟ್ರೆ ಈ ಕೆಲಸಕ್ಕೇ ಬೀಗ. ನೀವೇ ಇರಿ."

ಎರಡನೆಯ ಸಲ ಮದ್ದಿನ ಸಾಲಿನದೊಂದು ಪಂಜರ, ಮದ್ದಿಲ್ಲದ ಸಾಲಿನದೊಂದು ಪಂಜರ ಎಂದು ಸರದಿಯಂತೆ ಉಣಿಸಿದರು. "ಸೊರಗಿದ್ದು ಬಾಯಿಬಾಯಿ ಬಿಟ್ರೂ ಸರದಿ ತಪ್ಪಿಸ್ಲಿಲ್ಲ. ಹೆತ್ತ ಮಕ್ಕಳ ಮೇಲೂ ಅಷ್ಟು ಕಲ್ಲಾಗಿರ್ಲಿಲ್ಲ."

ಕಳೆದ ವಾರ ಫಲ ಬಂತು. ಪಿತ್ತಜನಕಾಂಗದಲ್ಲಿ ಕಾಯಿಲೆ ಬೆಳೆಸುವ ಜೀನುಗಳು ತಣ್ಣಗಾಗಿವೆ. ಹೃದಯ, ಮೂತ್ರಪಿಂಡ, ಮಿದುಳಿನಲ್ಲಿ ಕೇಡಿನ ಸುಳಿವಿಲ್ಲ. ಡಾಕ್ಟರಮ್ಮ ಓಡಿ ಬಂದು, ಮೈತುಂಬ ಹೊಟ್ಟು ಮೆತ್ತಿಕೊಂಡಿದ್ದ ಇಲಿಯಕ್ಕನನ್ನು ಬಾಚಿ ತಬ್ಬಿಕೊಂಡರು. ಮನುಷ್ಯರ ಕೈಗೆ ಈ ಮದ್ದು ಸೇರಲು ಇನ್ನೂ ದೂರದ ದಾರಿಯಿದೆ. ಆದರೂ ಈ ಕಾಯಿಲೆಗೆ ತಮ್ಮವರನ್ನು ಒಪ್ಪಿಸಿದವರಿಗೆ ಸುದ್ದಿಯ ತೂಕ ಗೊತ್ತು. ದೇವರು ಯಾರ ಕೈಯಿಂದ ಏನು ಮಾಡಿಸುತ್ತಾನೋ! ಪ್ರಾಣ ಕೊಟ್ಟ ಆ ಪುಟ್ಟ ಜೀವಗಳಿಗೂ ಅವನ ನೆರಳಿರಲಿ.

ಬಹುಮಾನವಾಗಿ ಏನು ಬೇಕೆಂದು ತಂಡದವರು ಕೇಳಿದಾಗ ಇಲಿಯಕ್ಕ ಮೂಲೆಯ ಪಂಜರ ತೋರಿಸಿದರು. ಅಲ್ಲಿ ಯಾವ ಪ್ರಯೋಗಕ್ಕೂ ಸೇರದ ಮುದಿ ತಾಯಿಯಿಲಿಯೊಂದಿದೆ.

"ಇದಕ್ಕೊಂದಕ್ಕೆ ಇನ್ಮೇಲೆ ಮೊದಲು ಹಾಕ್ಲಾ?"

"ಹಾಕಿ ಅಕ್ಕ" ಎಂದರು ಡಾಕ್ಟರಮ್ಮ.

ಈಗ ಕೋಣೆಯ ಬೆಳಗಿನ ಮೊದಲ ತುತ್ತು ಅದರದ್ದೇ.