ಬೀಳಲು ಕಲಿತ ಬುಗುರಿ

ಬುಗುರಿಯ ಮುತ್ತಜ್ಜ ಬಾವಿ ತೋಡುವವನು. ನೀರು ಕಾಣದೆ ಮೇಲೆ ಬರುವುದಿಲ್ಲ ಎಂದು ಹಟ ಹಿಡಿದು, ಬುತ್ತಿಯನ್ನು ಹಗ್ಗದಲ್ಲಿ ಇಳಿಸಿಕೊಂಡು ತಳದಲ್ಲೇ ಉಂಡ ಆಸಾಮಿ. ಅವನ ಮಗಳು ಗಾರೆ ಕೆಲಸದವಳು. ತಲೆಯ ಮೇಲೆ ಗಾರೆ ಬಾಂಡಲಿ, ಬೆನ್ನಿಗೆ ಕೂಸು, ಹಾಗೆಯೇ ಏಣಿ ಹತ್ತುತ್ತಿದ್ದಳು. ಕೂಸು ಅತ್ತರೆ ಏಣಿಯ ನಡುವೆಯೇ ನಿಂತು ಗದರಿಸಿ, ಅದು ಸುಮ್ಮನಾದ ಮೇಲೆ ಮುಂದಿನ ಮೆಟ್ಟಿಲು. ಆ ಕೂಸೇ ಬುಗುರಿಯ ತಾಯಿ. ಅವಳು ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವಳಾದಳು. ನಮ್ಮ ನಾಟಕಶಾಲೆಯ ನೀಲಿ ಗೋಡೆ ಅವಳ ಕೈಯದೇ. ಕೆಳಗಿನಿಂದ ಯಾರಾದರೂ "ಹುಷಾರಮ್ಮಾ" ಎಂದರೆ, "ನೀವು ಹುಷಾರು, ಬಣ್ಣ ತೊಟ್ಟಿಕ್ಕುತ್ತೆ" ಎನ್ನುವಳು. ಒಂದು ಬೆಳಿಗ್ಗೆ ಅಟ್ಟಣಿಗೆಯ ಬೊಂಬು ಜಾರಿತು. ಬಿದ್ದವಳು ಮತ್ತೆ ಏಳಲಿಲ್ಲ.

ಆಗ ಬುಗುರಿಗೆ ಹದಿನೈದು. ನಡೆಯುವುದಕ್ಕಿಂತ ಮೊದಲು ತಿರುಗುವುದನ್ನು ಕಲಿತವಳು, ಅದಕ್ಕೇ ಆ ಹೆಸರು. ನೃತ್ಯಶಾಲೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಅವರ ಮನೆಯ ಕೆಳಗೇ ನನ್ನ ಹಾಸಿಗೆ ಅಂಗಡಿ. ನನಗೆ ಅಕ್ಷರವನ್ನು ಯಾರೂ ತಿದ್ದಿಸಲಿಲ್ಲ, ದಬ್ಬಣವನ್ನು ಯಾರೂ ಹಿಡಿಸಲಿಲ್ಲ. ಎರಡನ್ನೂ ಕಂಡವರ ಕೈ ನೋಡಿ ಕಲಿತೆ. ನನ್ನ ಹೊಲಿಗೆ ಬಿಚ್ಚಿತೆಂದು ಇವತ್ತಿನವರೆಗೆ ಒಬ್ಬನೂ ವಾಪಸು ಬಂದಿಲ್ಲ. ಅವಳು ಕುಣಿದರೆ ನನ್ನ ನೆತ್ತಿಯ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು. ಹೆಜ್ಜೆಯ ಸದ್ದಿನಲ್ಲೇ ಹುಡುಗಿ ಖುಷಿಯಲ್ಲಿದ್ದಾಳೋ, ಮುನಿದಿದ್ದಾಳೋ ಹೇಳಿಬಿಡುತ್ತಿದ್ದೆ.

ತಾಯಿ ಹೋದ ಮೇಲೆ ಆ ಹೆಜ್ಜೆಗಳು ನಿಂತವು. ಬದಲಿಗೆ ಬೇರೊಂದು ಸದ್ದು. ದಡ್. ಸ್ವಲ್ಪ ಹೊತ್ತು ಗಪ್‌ಚುಪ್. ಮತ್ತೆ ದಡ್. ಮೂಟೆ ಎತ್ತಿ ಹಾಕುತ್ತಿದ್ದಾಳೆಯೇ ಎಂದರೆ ಮನೆಯಲ್ಲಿ ಮೂಟೆಯೇ ಇಲ್ಲ. ಹುಡುಗಿಯ ಮೊಣಕೈ ನೋಡಿದರೆ ಹಣ್ಣಾದ ನೇರಳೆಯ ಬಣ್ಣ. ಕೆನ್ನೆ ಒಳಕ್ಕೆ ಹೋಗಿದೆ.

"ಅಪ್ಪನೇ ಬಡೀತಾನೆ ಕಣಣ್ಣೋ, ಹೆಂಡ್ತಿ ಹೋದ್ಮೇಲೆ ತಲೆ ಕೆಟ್ಟಿದೆ ಅವನಿಗೆ," ಎಂದ ಪಕ್ಕದ ಇಸ್ತ್ರಿಯವನು.

"ದಿನವಿಡೀ ಬಸ್ ಶೆಡ್ಡಿನಲ್ಲಿ ರಿಪೇರಿಗೆ ಅಂತ ಇಂಜಿನ್ ಕೆಳಗೆ ಮಲಗಿರೋನು ಇಲ್ಲಿಗೆ ಬಂದು ಹೆಂಗಯ್ಯಾ ಬಡೀತಾನೆ? ಅವನ ಕೈ ಏನು ರಬ್ಬರಾ?" ಎಂದೆ.

ಆದರೆ ತಲೆಯೊಳಗೆ ಹುಳ ಬಿಟ್ಟಂತಾಗಿತ್ತು. ದಬ್ಬಣವನ್ನು ಅರಳೆಗೆ ಚುಚ್ಚಿಟ್ಟು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಕುರ್ಚಿ, ಮೇಜು ಎಲ್ಲ ಗೋಡೆಗೆ ಒತ್ತರಿಸಿ ನಡುವೆ ಬರಿ ನೆಲ. ಬುಗುರಿ ಎರಡೂ ಕೈ ಎದೆಯ ಮೇಲಿಟ್ಟು, ಮೊಣಕಾಲು ಸಡಿಲಿಸಿ, ಹಿಂದಕ್ಕೆ ಬಿದ್ದಳು. ಬೀಳುವಾಗಲೇ ಬಲಗೈ ಚಂಗನೆ ಹಿಂದಕ್ಕೆ ಹಾರಿ ನೆಲಕ್ಕೆ ಬಡಿಯಿತು. ಅವಳು ಎದ್ದು ಕೂತು ಆ ಕೈಗೆ ಪಟ್ಟನೆ ಒಂದು ಬಿಟ್ಟಳು. "ಥೂ, ಮತ್ತೆ ನೀನು!"

"ಯಾರ ಜೊತೆ ಜಗಳವಮ್ಮಾ?"

"ಈ ಕೈ ಜೊತೆ ತಾತ. ನೃತ್ಯದ ಕೊನೇಲಿ ಹಿಂದಕ್ಕೆ ಬೀಳ್ಬೇಕು, ಕೈ ಎದೆ ಮೇಲೇ ಇರ್ಬೇಕು. ಇದು ನನಗಿಂತ ಮುಂಚೆ ನೆಲಕ್ಕೆ ಓಡುತ್ತೆ. ಶನಿವಾರ ನಾಟಕಶಾಲೇಲಿ ಕುಣಿದು ತೋರಿಸ್ಬೇಕು, ಅವತ್ತೂ ಹೀಗೇ ಆದ್ರೆ ಪಾತ್ರ ಬೇರೆಯವಳಿಗೆ ಅಂದಿದ್ದಾರೆ ಟೀಚರ್."

"ಅಷ್ಟೇ ತಾನೇ? ಕೆಳಗೆ ಹಾಸಿಗೆಗೇನು ಬರವೇ? ಒಂದು ತಂದು ಹಾಸ್ತೀನಿ."

"ಅಮ್ಮ ಬಿದ್ದಾಗ ಕೆಳಗೆ ಹಾಸಿಗೆ ಇತ್ತಾ ತಾತ?"

ಅವಳು ಅಳಲಿಲ್ಲ. ಗಡಿಯಾರ ಬಿಚ್ಚಿ ಒಳಗೇನಿದೆ ಎಂದು ನೋಡುವ ಮಕ್ಕಳ ಹಾಗೆ ತನ್ನ ಅಂಗೈಯನ್ನೇ ನೋಡುತ್ತಿದ್ದಳು.

"ಅಮ್ಮನ ಎರಡೂ ಮಣಿಕಟ್ಟು ಮುರಿದಿತ್ತು. ಅಂದ್ರೆ ಕೈ ಚಾಚಿದ್ಲು. ಏನನ್ನ ಹಿಡ್ಕೊಳ್ಳೋಕೆ? ಗೋಡೆನಾ, ನನ್ನನ್ನಾ? ಬೀಳ್ತಾ ಇರೋವಾಗ ಗೊತ್ತಾಗುತ್ತೇನೋ ಅಂತ ನೋಡ್ತೀನಿ. ಅಷ್ಟರಲ್ಲಿ ನೆಲ ಬಂದ್ಬಿಡುತ್ತೆ."

"ಊಟ ಮಾಡಿದ್ಯಾ?"

"ತಟ್ಟೆ ತೊಳೆದಿಟ್ಟಿದ್ದೀನಿ," ಎಂದಳು. ಉಣ್ಣದ ತಟ್ಟೆಯನ್ನು ತೊಳೆದಿಡುತ್ತಿದ್ದಳು, ಅಪ್ಪ ನಂಬಲಿ ಎಂದು.

ಅವನು ನಂಬಿರಲಿಲ್ಲ. ಮರುದಿನ ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಅಂಗಡಿಗೆ ಬಂದ. "ಯಜಮಾನ್ರೇ, ಕಣ್ಣಿಗೆ ಕಾಣದ ಹಾಸಿಗೆ ಹೊಲೀತೀರಾ?"

"ಹೊಲಿದ ಮೇಲೆ ಎಲ್ಲಿಟ್ಟೆ ಅಂತ ಹುಡುಕೋರು ಯಾರು?"

ಅವನು ನಗಲಿಲ್ಲ. "ಒಬ್ಬಳನ್ನ ಕಳ್ಕೊಂಡಾಯ್ತು. ಇವಳ ತಲೆ ಒಡೆಯೋದು ನೋಡೋಕೆ ನನ್ನಿಂದಾಗಲ್ಲ."

ಆಯ್ದ ಅರಳೆ ಹಾಕಿ, ಮಡಿಸಿದ ಶಾಲಿನಷ್ಟು ತೆಳ್ಳಗೆ ಹೊಲಿದೆ. ಅಂಥದ್ದನ್ನು ಹೊಲಿಯುವ ಗಂಡು ಬೇರೆ ಇದ್ದರೆ ತೋರಿಸಿ. ಶನಿವಾರ ಅವಳಪ್ಪ, ಹಲಗೆಯ ಮೊಳೆ ಬಡಿಯುವ ನೆಪದಲ್ಲಿ ಮೊದಲೇ ನಾಟಕಶಾಲೆಗೆ ಹೋಗಿ, ರಂಗದ ಮೇಲಿನ ಕರಿ ಬಟ್ಟೆಯಡಿ ಅದನ್ನು ಹಾಸಿ ಬಂದ. ಇಬ್ಬರೂ ಮುಂದಿನ ಸಾಲಿನಲ್ಲಿ, ಹಾಲು ಕದ್ದ ಬೆಕ್ಕುಗಳ ಹಾಗೆ ಕೂತೆವು.

ಬುಗುರಿ ಕುಣಿದಳು. ಕೊನೆಗೆ ಬಿದ್ದಳು. ಕೈ ಎದೆಯ ಮೇಲೇ ಇತ್ತು! ಕಾಲಡಿಯ ಮೆತ್ತನೆ ಅವಳಿಗಿಂತ ಮೊದಲು ಆ ಕೈಗೆ ತಿಳಿಯಿತೇನೋ.

"ಶಹಬ್ಬಾಸ್ ಕಣೇ! ಪಾತ್ರ ನಿಂದೇ," ಎಂದರು ಟೀಚರ್.

ಹುಡುಗಿ ಏಳಲಿಲ್ಲ. ಮಲಗಿದಲ್ಲೇ ಬೆರಳಿನಿಂದ ಬಟ್ಟೆಯನ್ನು ತಡವಿದಳು, ಅಮುಕಿದಳು. ಎದ್ದು ಅಂಚು ಎತ್ತಿ ನನ್ನ ಕೆಲಸವನ್ನು ಹೊರಗೆಳೆದಳು. ಹೊಲಿಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಟೀಚರ್, ಇದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ."

"ಪಾತ್ರ ಸಿಕ್ತಲ್ಲ ಮಗಳೇ, ಬಿಟ್ಬಿಡು," ಎಂದು ಅಪ್ಪ ಗೋಗರೆದ.

ಅವಳು ಹಾಸಿಗೆ ಸುತ್ತಿ ರಂಗದ ಅಂಚಿಗೆ ತಳ್ಳಿದಳು. ಟೀಚರ್ ತಡೆಯುತ್ತಾರೇನೋ ಎಂದುಕೊಂಡೆ. ಅವರು ಹುಡುಗಿಯ ಮುಖ ನೋಡಿ, ಮತ್ತೆ ಸಂಗೀತ ಹಾಕಿದರು.

ತಿರುಗಿದಳು, ನಿಂತಳು, ಹಿಂದಕ್ಕೆ ವಾಲಿದಳು. ಬರಿ ಹಲಗೆಯ ಮೇಲೆ ದಡ್ ಎಂದಿತು. ಅವಳ ಕೈ ಎದೆ ಬಿಟ್ಟು ಕದಲಲಿಲ್ಲ. ಚಾಚಿಕೊಂಡಿದ್ದು ಅವಳಪ್ಪನ ಕೈಗಳು. ಕೂತಲ್ಲಿಂದ ಎಟುಕುವ ಮಾತೇ ಅಲ್ಲ, ಆದರೂ ಎರಡೂ ಗಾಳಿಯಲ್ಲಿ ನೆಟ್ಟಗೆ ನಿಂತಿದ್ದವು.

ಹುಡುಗಿ ಮಿಸುಕಲಿಲ್ಲ. ಅವನು ಓಡಿದ, ನನ್ನ ಮಂಡಿನೋವು ಮರೆತು ನಾನೂ ಓಡಿದೆ. ಅವನು ರಂಗದಂಚಿನಿಂದ ಬಗ್ಗಿ ಕೈ ನೀಡಿದ. ಬುಗುರಿ ಕಣ್ಣು ಬಿಟ್ಟು, ತನ್ನತ್ತ ಚಾಚಿದ್ದ ಆ ಕೈಗಳನ್ನೇ ನೋಡಿದಳು. ಅಮ್ಮ ಕೈ ಚಾಚಿದ್ದು ಯಾರಿಗೆ ಎಂದು ಹುಡುಕುತ್ತಿದ್ದವಳಿಗೆ ಉತ್ತರ ಸಿಕ್ಕಂತೆ ಮುಖ ಸಡಿಲವಾಯಿತು.

"ಕೈ ಹಿಂದಕ್ಕೆ ತಗೋ ಅಪ್ಪಾ, ನನಗೇನೂ ಆಗಿಲ್ಲ. ತಾತ, ಆ ಹಾಸಿಗೆ ಮೇಲೆ ನೀವಿಬ್ರೂ ಕೂತ್ಕೊಂಡು ಸುಧಾರಿಸ್ಕೊಳ್ಳಿ. ನಾನೇ ಏಳ್ತೀನಿ."