ಮೀಟರ್ ಬೋರ್ಡಿನ ಕೆಂಪು ದೀಪ

ಆ ದಿನ ಬೆಳಿಗ್ಗೆ ಐದಕ್ಕೇ ಎದ್ದಿದ್ದೆ. ಅತ್ತೆಯ ಕಣ್ಣಿಗೆ ಹನಿ ಹಾಕಿ, ಅಕ್ಕಿ ರೊಟ್ಟಿ ತಟ್ಟಿ, ದಾರಿಗೆಂದು ಎಂಟು ರೊಟ್ಟಿ ಬಾಳೆಲೆಯಲ್ಲಿ ಸುತ್ತಿ, ಫ್ಲಾಸ್ಕಿಗೆ ಕಾಫಿ ತುಂಬಿದೆ. ನಮ್ಮವರು ಶೇವ್ ಮಾಡಿಕೊಳ್ಳುತ್ತಾ ಎಂದಿನಂತೆ ಟವೆಲ್ ಎಲ್ಲಿ ಎಂದು ಕೇಳಿದರು. ಟವೆಲ್ ಎಂದಿನಂತೆ ಅವರ ಹೆಗಲ ಮೇಲೇ ಇತ್ತು. ಆರೂವರೆಗೆ ಅಂಗಳಕ್ಕಿಳಿದು, ಕಾರಿನ ಗಾಜಿನ ಮೇಲಿದ್ದ ನೀರನ್ನು ಹಳೆಯ ಪೇಪರಿನಿಂದ ಒರೆಸಿ, ಹಿಂದಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಬದಿಗಿಟ್ಟೆ. ಕಲ್ಲಿನ ಅಡಿಯಲ್ಲಿ ಎರಡು ಎರೆಹುಳುಗಳಿದ್ದವು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಂದು ನಾನು ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದೆ, ತಲೆಯೂ ಕಣ್ಣೂ ನೆಟ್ಟಗಿದ್ದವು ಎಂಬುದು ಓದುವವರಿಗೆ ಮೊದಲೇ ಗೊತ್ತಿರಲಿ. ಈ ಕಥೆ ಕೇಳಿದವರೆಲ್ಲ ಮೊದಲು ಅನುಮಾನಿಸುವುದು ಅವೆರಡನ್ನೇ.

ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಹಾಸ್ಟೆಲಿನಲ್ಲಿ ಒಮ್ಮೆ ಯಾವುದೋ ಸದ್ದಿಗೆ ಹೆದರಿ ಹುಡುಗಿಯರೆಲ್ಲ ಕಿರುಚಿಕೊಂಡಾಗ, ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಬಂದು, "ದೆವ್ವವನ್ನು ಆಮೇಲೆ ಹುಡುಕಿ, ಮೊದಲು ಕಿಟಕಿಯ ಚಿಲಕ ನೋಡಿ" ಎಂದಿದ್ದರು. ಚಿಲಕವೇ ಸಡಿಲವಾಗಿತ್ತು. ಮದುವೆಯಾಗಿ ಮೂರ್ನಾಡಿಗೆ ಬಂದ ಮೇಲೂ ನಾನು ಚಿಲಕ ನೋಡುವವಳೇ. ಯಾರಿಗೋ ಕನಸಿನಲ್ಲಿ ಅಜ್ಜ ಬಂದು ಹೇಳಿದರಂತೆ ಎಂದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನನ್ನ ಮಾತಿಗೆ ಬೇರೆಯವರು ಹಾಗೆ ನಗುತ್ತಾರೆ. ನಗಲಿ.

ನಾಲ್ಕು ವರ್ಷದ ಹಿಂದಿನ ಸಂಗತಿ ಇದು. ಕಾರು ನಮ್ಮವರು ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರಿಂದ ಕೊಂಡಿದ್ದು, ಬಿಳಿ ಬಣ್ಣದ್ದು, ಆಗಲೇ ಹದಿನೇಳು ವರ್ಷ ಹಳೆಯದು. ಅವರು ಆಫೀಸಿಗೆ ಬೈಕಿನಲ್ಲಿ ಹೋಗುತ್ತಾರೆ, ಕಾರು ಓಡಿಸುವುದು ನಾನು. ಮೂವತ್ತೆಂಟನೇ ವಯಸ್ಸಿನಲ್ಲಿ, ಮನೆಯವರೆಲ್ಲ ಬೇಡವೆಂದರೂ ಕಲಿತಿದ್ದೆ. ಅತ್ತೆಯ ಆಸ್ಪತ್ರೆ, ಮಡಿಕೇರಿಯ ಸಂತೆ, ತವರುಮನೆ, ಎಲ್ಲಕ್ಕೂ ಯಾರನ್ನೂ ಕಾಯದೆ ಹೊರಡಲು ನನಗೆ ಇದ್ದದ್ದು ಅದೊಂದೇ.

ಆ ಮಳೆಗಾಲದ ಕೊನೆಯಲ್ಲಿ ಮೀಟರ್ ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿಕೊಳ್ಳತೊಡಗಿತು. ಒಂದು ವೃತ್ತ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಹಳೆಯ ಪ್ಲಾಸ್ಟಿಕ್ಕಾದ್ದರಿಂದ ಚಿಹ್ನೆಯ ಕೆಳಗಿನ ಚುಕ್ಕಿ ಮಾತ್ರ ಸ್ವಲ್ಪ ಮಸುಕು. ನಮ್ಮವರ ಮೊದಲ ತೀರ್ಮಾನ, "ಹ್ಯಾಂಡ್‌ಬ್ರೇಕ್ ಅರ್ಧ ಎಳೆದೇ ಓಡಿಸಿರ್ತಿ." ಕೊಡಗಿನಲ್ಲಿ ಹುಟ್ಟಿ ಬೆಳೆದವರು ಆಡುವ ಮಾತೇ ಇದು? ಇಲ್ಲಿ ಮಳೆಗಾಲದಲ್ಲಿ ಯಾರೂ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವುದಿಲ್ಲ. ಥಂಡಿಗೆ ಚಕ್ರದೊಳಗಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡು ಬೆಳಿಗ್ಗೆ ಚಕ್ರ ತಿರುಗದು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತೇವೆ. ಜೂನ್‌ನಿಂದ ಆ ಹಿಡಿಯನ್ನು ನಾನು ಮುಟ್ಟಿಯೇ ಇರಲಿಲ್ಲ.

ಗ್ಯಾರೇಜಿನ ರಜಾಕ್ ನೋಡಿದ. ಬ್ರೇಕ್ ಆಯಿಲ್ ಸ್ವಲ್ಪ ಇಳಿದಿತ್ತು, ತುಂಬಿದ, ದೀಪ ಆರಿತು. ಐದನೆಯ ದಿನ ಮತ್ತೆ ಹತ್ತಿತು. ಕಾರಿನ ಅಡಿಗೆ ತೂರಿ ನೋಡಿದ, ಎಲ್ಲಿಯೂ ಒಂದು ತೊಟ್ಟು ಸೋರಿದ ಗುರುತಿಲ್ಲ. ಹ್ಯಾಂಡ್‌ಬ್ರೇಕಿನ ವಯರು ಬಿಚ್ಚಿ ನೋಡಿದ, ಆದರೂ ದೀಪ ಆರಲಿಲ್ಲ. "ಎಂತ ತೊಂದರೆ ಇಲ್ಲ ಅಕ್ಕ, ಹಳೇ ಗಾಡಿ, ವಯರಿಂಗಿಗೆ ವಯಸ್ಸಾಗಿದೆ" ಎಂದು ಮತ್ತಷ್ಟು ಆಯಿಲ್ ತುಂಬಿ ಕಳಿಸಿದ. ದೀಪ ಯಾವಾಗ ಹತ್ತಿತು, ಎಷ್ಟು ಹೊತ್ತು ಉರಿಯಿತು ಎಂದು ನಾನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಗುರುತು ಮಾಡುತ್ತಿದ್ದೆ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತೆತ್ತುತ್ತಿದ್ದೆ. ಸುಳ್ಳೇಕೆ, ನಮ್ಮವರಿಗೆ ಸಾಕುಸಾಕಾಗಿತ್ತು. ಒಂದು ಸೋಮವಾರ ಅವರೇ ಕಾರನ್ನು ಗ್ಯಾರೇಜಿಗೆ ಒಯ್ದು ತಂದು, "ಸರಿಯಾಯ್ತು, ಇನ್ನು ಬರಲ್ಲ" ಎಂದರು. ಬರಲಿಲ್ಲ. ಮೂರು ದಿನ ನಾನೂ ನೆಮ್ಮದಿಯಿಂದಿದ್ದೆ.

ಶುಕ್ರವಾರ ಪುತ್ತೂರಿನ ಕಣ್ಣಿನ ಡಾಕ್ಟರು ಅತ್ತೆಗೆ ಹತ್ತು ಗಂಟೆಗೆ ಬರಲು ಹೇಳಿದ್ದರು. ಪೊರೆಯ ಆಪರೇಷನ್ನಿಗೆ ದಿನ ಗೊತ್ತುಮಾಡುವುದಿತ್ತು, ತಿಂಗಳು ಕಾದು ಸಿಕ್ಕ ಭೇಟಿ. ನಾನು ಓಡಿಸುತ್ತಿದ್ದೆ, ನಮ್ಮವರು ಪಕ್ಕದಲ್ಲಿ, ಅತ್ತೆ ಹಿಂದೆ. ಮಡಿಕೇರಿ ದಾಟಿ ಸಂಪಾಜೆಯ ಕಡೆಗೆ ರಸ್ತೆ ಇಳಿಯತೊಡಗುವ ಜಾಗ. ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ, ಮಂಜು ಮರದ ತುದಿಗೆ ಏರಿ ನಿಂತಿತ್ತು. ಎದುರಿಗಾಗಲಿ ಮುಂದಾಗಲಿ ಒಂದು ವಾಹನವಿಲ್ಲ. ಮೊದಲನೆಯ ತಿರುವಿನಲ್ಲಿ ಮೂರನೇ ಗೇರಿಗೆ ಹಾಕಿ ಕೆಳಗೆ ನೋಡಿದರೆ ದೀಪ ಉರಿಯುತ್ತಿದೆ.

ಮಿಣುಕಲಿಲ್ಲ, ಉರಿಯಿತು. ಅದೇ ವೃತ್ತ, ಅದೇ ಚಿಹ್ನೆ, ಅದೇ ಮಸುಕು ಚುಕ್ಕಿ. ಎರಡನೆಯ ತಿರುವಿನವರೆಗೂ ಉರಿಯಿತು. ನಾನು ರಸ್ತೆ ಅಗಲವಿರುವ ಕಡೆ ಗುಡ್ಡದ ಬದಿಗೆ ಕಾರನ್ನು ಒತ್ತಿ ನಿಲ್ಲಿಸಿದೆ.

"ಮತ್ತೆ ಬಂತು" ಎಂದೆ.

ನಮ್ಮವರು ಬಗ್ಗಿ ನೋಡುವಷ್ಟರಲ್ಲಿ ಬೋರ್ಡು ಕಪ್ಪಗಿತ್ತು. ಅವರು ನಕ್ಕರು. "ಅದು ಬರೋಕೆ ಸಾಧ್ಯವೇ ಇಲ್ಲ ಮಾರಾಯ್ತಿ."

"ಯಾಕೆ ಸಾಧ್ಯ ಇಲ್ಲ?"

ಆಗ ಅವರ ಮುಖ ನೋಡಬೇಕಿತ್ತು. ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳ ತೆಗೆದು, ಒಂದು ಬೆಂಕಿಪೊಟ್ಟಣ ಹೊರತೆಗೆದು, ನನ್ನ ಅಂಗೈ ಮೇಲೆ ಬಗ್ಗಿಸಿದರು. ಕಡಲೆಕಾಳಿನಷ್ಟು ದೊಡ್ಡ ಒಂದು ಗಾಜಿನ ಬಲ್ಬು ಬಿತ್ತು. ಸೋಮವಾರ ರಜಾಕನ ಕೈಯಲ್ಲಿ ತೆಗೆಸಿದ್ದರಂತೆ. ದೀಪದ ಹಿಂದೆ ಬಲ್ಬೇ ಇಲ್ಲ.

"ನನ್ನ ಬಾಯಿ ಮುಚ್ಚಿಸೋಕಾಗದೆ ಕಾರಿನ ಬಾಯಿ ಮುಚ್ಚಿಸಿದ್ರಾ?" ಎಂದೆ. ಮದುವೆಯಾದಂದಿನಿಂದ ಅವರೊಡನೆ ನಾನು ಅಷ್ಟು ಕಟುವಾಗಿ ಮಾತಾಡಿರಲಿಲ್ಲ.

"ತಪ್ಪಾಯ್ತು. ಆದ್ರೆ ಬಲ್ಬೇ ಇಲ್ಲದ ಮೇಲೆ ನೀನು ಕಂಡದ್ದು ಎಂಥದು? ದಿನಾ ಅದೇ ಯೋಚನೆ ನಿನಗೆ, ಅದಕ್ಕೇ ಕಾಣ್ತದೆ. ಹೊರಡು."

ನ್ಯಾಯವಾಗಿ ನೋಡಿದರೆ ಅವರ ಮಾತೇ ಸರಿ. ಬಲ್ಬು ನನ್ನ ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಸಿಸ್ಟರ್ ಹೇಳಿದ ಚಿಲಕವನ್ನು ನೋಡಿಯೂ ಆಗಿತ್ತು. ಇದು ಭ್ರಮೆ ಎಂದು ಒಪ್ಪಿ ಗೇರು ಹಾಕುವುದಷ್ಟೇ ಬಾಕಿ. ಆದರೆ ನನ್ನಿಂದಾಗಲಿಲ್ಲ. ಬಲ್ಬು ಇಲ್ಲ ಎನ್ನುವುದು ಎಷ್ಟು ನಿಜವೋ, ನಾನು ನೋಡಿದ್ದೂ ಅಷ್ಟೇ ನಿಜ. ಎರಡರಲ್ಲಿ ಒಂದನ್ನು ಬಿಡಬೇಕೆಂದರೆ ನನ್ನದನ್ನೇ ಯಾಕೆ ಬಿಡಬೇಕು? ಕೀಲಿ ತೆಗೆದು ಬ್ಯಾಗಿಗೆ ಹಾಕಿಕೊಂಡು ಕಾರಿನಿಂದಿಳಿದೆ.

"ಕೀಲಿ ಕೊಡು, ನಾನು ಓಡಿಸ್ತೇನೆ."

"ಕೊಡಲ್ಲ. ಈ ಕಾರು ಇಲ್ಲಿಂದ ಕೆಳಗಿಳಿಯಲ್ಲ. ರಜಾಕನಿಗೆ ಫೋನ್ ಮಾಡಿ, ನಾಲ್ಕೂ ಚಕ್ರ ಬಿಚ್ಚಿಸಿ. ಏನೂ ಸಿಗಲಿಲ್ಲ ಅಂದ್ರೆ ಇನ್ನು ಸ್ಟೀರಿಂಗ್ ಮುಟ್ಟಲ್ಲ. ನೀವೇ ಇಟ್ಕೊಳ್ಳಿ, ಬೇಕಾದ್ರೆ ಮಾರಿ."

ಆಡಿದ್ದು ಎಷ್ಟು ದೊಡ್ಡ ಮಾತೆಂದು ಬಾಯಿಂದ ಬಂದ ಮೇಲೇ ಗೊತ್ತಾಯಿತು. ಆದರೆ ಹಿಂತೆಗೆದುಕೊಳ್ಳಲಿಲ್ಲ. ನಮ್ಮವರು ಹಿಂದಕ್ಕೆ ತಿರುಗಿ, "ಅಮ್ಮಾ, ನೀವು ಕಂಡಿರಾ ಕೆಂಪು ಲೈಟು?" ಎಂದು ಕೇಳಿದರು.

"ಒಳ್ಳೆ ಕೇಳ್ತೀಯ ನೀನು. ಕಣ್ಣು ಕಾಣ್ತಿದ್ರೆ ಡಾಕ್ಟರ ಹತ್ರ ಯಾಕೆ ಹೊರಡ್ತಿದ್ದೆ?" ಎಂದರು ಅತ್ತೆ. ಮತ್ತೆ ಸೆರಗು ಸರಿಮಾಡಿಕೊಂಡು, "ಓಡಿಸೋಳು ಬೇಡ ಅಂದ್ಮೇಲೆ ಬೇಡ. ಆ ರೊಟ್ಟಿ ಬಿಚ್ಚು, ಹಸಿವಾಗ್ತಿದೆ" ಎಂದರು.

ರಜಾಕ್ ಬೈಕಿನಲ್ಲಿ ಸಾಮಾನು ಕಟ್ಟಿಕೊಂಡು ಬರುವಷ್ಟರಲ್ಲಿ ಒಂಬತ್ತಾಗಿತ್ತು. ನಮ್ಮವರಿಂದ ವಿಷಯ ಕೇಳಿ ನನ್ನ ಮುಖ ನೋಡಲು ಅವನಿಗೆ ಸಂಕೋಚ. "ಸಾರ್ ಹೇಳಿದ್ರು ಅಂತ ತೆಗೆದೆ ಅಕ್ಕ" ಎಂದಷ್ಟೇ ಹೇಳಿ ಜಾಕ್ ಕೊಟ್ಟ. ಮುಂದಿನ ಎರಡೂ ಚಕ್ರ ಬಿಚ್ಚಿದ; ದೋಷವಿಲ್ಲ. ಹಿಂದಿನ ಎಡಗಡೆಯ ಡ್ರಮ್ ತೆಗೆದ. ಒಣಗಿ ಬೂದಿಯಂತೆ ಧೂಳು. ನಮ್ಮವರು ಗಡಿಯಾರ ನೋಡಿಕೊಂಡರು. ಮೂರು ಚಕ್ರ ಮುಗಿದಿತ್ತು, ಉಳಿದದ್ದು ಒಂದು. ನಾನು ಸುಮ್ಮನೆ ರಸ್ತೆಯಂಚಿನ ಹುಲ್ಲು ನೋಡುತ್ತಾ ನಿಂತಿದ್ದೆ. ಇನ್ನು ಮೇಲೆ ತವರಿಗೆ ಬಸ್ಸಿಗೆ ಕಾಯುವುದು ಹೇಗಿರುತ್ತದೆಂದು ಯೋಚಿಸುತ್ತಿದ್ದೆ.

ಬಲಗಡೆಯ ಡ್ರಮ್ ಬರಲೊಲ್ಲದು. ಸುತ್ತಿಗೆಯಿಂದ ಸುತ್ತಲೂ ತಟ್ಟಿ ತಟ್ಟಿ ಎಳೆದಾಗ ಕಳಚಿತು, ಜೊತೆಗೆ ಕಪ್ಪು ನೀರಿನಂಥದ್ದು ಅವನ ಮುಂಗೈ ಮೇಲೆ ಇಳಿಯಿತು. ಒಳಗಿನ ಸಿಲಿಂಡರಿನ ರಬ್ಬರು ಹರಿದಿತ್ತು. ಆಯಿಲೆಲ್ಲ ಡ್ರಮ್ಮಿನ ಹೊಟ್ಟೆಯೊಳಗೇ ಸೋರಿ, ಬ್ರೇಕ್ ಶೂ ನೆನೆದು ಹೋಗಿತ್ತು. ಅದಕ್ಕೇ ಹೊರಗೆ ತೊಟ್ಟೂ ಕಂಡಿರಲಿಲ್ಲ. ಬಾನೆಟ್ ತೆಗೆದರೆ ಆಯಿಲ್ ಡಬ್ಬಿಯ ತಳ ಕಾಣುತ್ತಿತ್ತು. ರಜಾಕ್ ಕೆಳಗೆ, ದೂರದ ತಿರುವುಗಳ ಕಡೆಗೆ ಒಮ್ಮೆ ನೋಡಿದ. "ಸಾರ್, ಇದು ಸಂಪಾಜೆ ತಲುಪ್ತಿರ್ಲಿಲ್ಲ" ಎಂದ. ನಮ್ಮವರು ಹೋಗಿ, ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದ ಅತ್ತೆಯ ಪಕ್ಕ ಕೂತರು.

ನಾನು ಅಲ್ಲಿಗೇ ಬಿಡಲಿಲ್ಲ. ಮೀಟರ್ ಬೋರ್ಡು ಬಿಚ್ಚಿ ತೋರಿಸು ಎಂದೆ. ಬಿಚ್ಚಿದ. ಬಲ್ಬು ಕೂರುವ ಗುಳಿ ಖಾಲಿ, ಅದರ ಬಾಯಿಗೆ ಅವನೇ ಅಂಟಿಸಿದ್ದ ಕರಿಯ ಟೇಪು ಹಾಗೇ ಇತ್ತು. ಟೇಪು ಕಿತ್ತು ಬಲ್ಬು ಹಾಕಿ ಕೀಲಿ ತಿರುಗಿಸಿದಾಗ ದೀಪ ಹತ್ತಿತು, ಸ್ವಲ್ಪ ಹೊತ್ತಿನ ಮುಂಚೆ ನಾನು ನೋಡಿದ ಹಾಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

ಅಂದಿನಿಂದ ನನಗೆ ಬಗೆಬಗೆಯ ವಿವರಣೆಗಳು ಸಿಕ್ಕಿವೆ. ಮುಂದಿನ ಲಾರಿಯ ಹಿಂದೀಪ ಗಾಜಿನಲ್ಲಿ ಕಂಡಿರಬೇಕು ಎಂದರು ಒಬ್ಬರು. ಲಾರಿ ಇರಲಿಲ್ಲ, ಇದ್ದರೂ ಯಾವ ಲಾರಿಯ ಹಿಂದೀಪದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ? ಪೆಡಲ್ ಮೆತ್ತಗಾದದ್ದು ಕಾಲಿಗೆ ತಿಳಿದು, ಕಾಲು ಕಣ್ಣಿಗೆ ತೋರಿಸಿತು ಎಂದು ನನ್ನ ತಮ್ಮನ ವಾದ. ಇರಬಹುದು. ಆದರೆ ಪೆಡಲ್ ಮೆತ್ತಗಾದ ನೆನಪು ನನಗಿಲ್ಲ, ಮತ್ತು ಕಾಲು ಹೀಗೆ ಚಿತ್ರ ಬರೆದು ತೋರಿಸಿದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ. ನಾದಿನಿಯದು ಇನ್ನೊಂದು ದಾರಿ: ಮನೆದೇವರೇ ಕಾಪಾಡಿದ್ದು, ಕಾರಿಗೆ ನಿಂಬೆಹಣ್ಣು ಕಟ್ಟಿಸು ಎಂದಳು. ಕಟ್ಟಿಸಲಿಲ್ಲ. ಯಾರು ಎಂದು ಗೊತ್ತಿಲ್ಲದವರಿಗೆ ನಾನು ಹೇಗೆ ಥ್ಯಾಂಕ್ಸ್ ಹೇಳಲಿ? ನಮ್ಮವರು ಈಗ ನೆಂಟರೆದುರು ಹೆಮ್ಮೆಯಿಂದ "ನಮ್ಮನೆಯವಳಿಗೆ ಆರನೇ ಇಂದ್ರಿಯ ಉಂಟು" ಎನ್ನುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ನನಗಿರುವುದು ಐದೇ. ಆ ಐದರಲ್ಲಿ ಒಂದರಿಂದ ನೋಡಿದೆ. ದೆವ್ವ ಎಂದೂ ಹೇಳಲಾರೆ, ಭ್ರಮೆ ಎಂದೂ ಹೇಳಲಾರೆ. ನೋಡಲಿಲ್ಲ ಎಂದು ಮಾತ್ರ ಯಾರ ಸಮಾಧಾನಕ್ಕೂ ಹೇಳುವುದಿಲ್ಲ.

ಒಂದು ಸಂಗತಿಯನ್ನು ಈ ವಾದಗಳಲ್ಲಿ ನಾನು ಎಂದೂ ಬಳಸಿಲ್ಲ, ಮನೆಯಲ್ಲೂ ಹೇಳಿಲ್ಲ. ಅದನ್ನು ಹೇಳಿದರೆ ನನ್ನ ಪಕ್ಷ ಗಟ್ಟಿಯಾಗುತ್ತದೋ, ನನ್ನ ಕೈಯನ್ನೇ ಮೀರಿ ಹೋಗುತ್ತದೋ ತಿಳಿಯದು.

ಅದೇ ಶುಕ್ರವಾರ ಸಂಜೆ ಪಕ್ಕದ ಮನೆಯ ಮುತ್ತಮ್ಮ ಆಂಟಿ ಕರಿಬೇವಿಗೆಂದು ಹಿತ್ತಲಿಗೆ ಬಂದರು. ಅವರು ಹಸು ಸಾಕಿದ್ದಾರೆ. ದಿನವೂ ಐದೂವರೆಗೆ ಡೈರಿಗೆ ಹಾಲು ಕೊಡಲು ನಮ್ಮ ಅಂಗಳ ಹಾದೇ ಹೋಗುತ್ತಾರೆ. ಬೆಳಗಿನ ವಿಷಯವನ್ನು ನಾವಿನ್ನೂ ಯಾರಿಗೂ ಹೇಳಿರಲಿಲ್ಲ. ಕಾರು ಗ್ಯಾರೇಜಿನಲ್ಲಿತ್ತು. ಖಾಲಿ ಅಂಗಳದ ಕಡೆಗೆ ನೋಡಿ, ಕರಿಬೇವಿನ ಕಡ್ಡಿ ಮುರಿಯುತ್ತಾ ಅವರು ಹೇಳಿದರು:

"ಎಂಥ, ಬ್ಯಾಟರಿ ಇಳೀತಾ? ಬೆಳಿಗ್ಗೆ ಹಾಲಿಗೆ ಹೋಗೋವಾಗ ಕಂಡೆ, ಬಾಗಿಲೆಲ್ಲ ಹಾಕಿದೆ, ಒಳಗೆ ಯಾರೂ ಇಲ್ಲ, ಸ್ಟೀರಿಂಗ್ ಹತ್ರ ಒಂದು ಕೆಂಪು ಲೈಟು ಸುಮ್ನೆ ಉರೀತಾ ಉಂಟು. ಹೇಳುವ ಅಂದ್ಕೊಂಡೆ, ಮರ್ತೇ ಹೋಯ್ತು ನೋಡು."